ಕಾಲು ಜಾರಿದವಳು, ಕೈ ಕೊಟ್ಟವನು

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಸುಪಾಸಿನ ಒಂದು ಗ್ರಾಮೀಣ ಗ್ರಂಥಾಲಯದ ವಾರ್ಷಿಕೋತ್ಸವದಲ್ಲಿ ಮಾಡಿದ ಉಪನ್ಯಾಸವಿದು. ಬರೆದು ಕೊಡಬೇಕೆಂದು ಕೆಲವರು ಕೇಳಿದ್ದರಿಂದ ಟಿಪ್ಪಣಿಗಳ ಸಹಾಯದಿಂದ ಬರಹಕ್ಕಿಳಿಸಿದ್ದೇನೆ. ಅಲ್ಲಿ ಅವಸರದಲ್ಲಿ ಹೇಳಿ ಮುಗಿಸಿದ ಕಾನೂನಿನ ವಿವರಗಳನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಿದ್ದೇನೆ.

ಸಭೆಯಲ್ಲಿರುವ ಹಿರಿಯರೇ, ಕುಟುಂಬಶ್ರೀ ಘಟಕಗಳಿಂದ ಬಂದಿರುವ ಅಕ್ಕತಂಗಿಯರೇ, ಬೇಕೆಂದಾಗ ಎದ್ದು ಹೋಗಲು ಅನುಕೂಲವಾಗಲೆಂದು ಬಾಗಿಲ ಬಳಿಯೇ ಕುಳಿತಿರುವ ತರುಣರೇ,

ಗ್ರಂಥಾಲಯದ ಕಾರ್ಯದರ್ಶಿಗಳು ಈ ಉಪನ್ಯಾಸಕ್ಕಾಗಿ ಫೋನು ಮಾಡಿದಾಗ ವಿಷಯದ ಹೆಸರನ್ನು ಬಾಯಿಬಿಟ್ಟು ಹೇಳಲಿಲ್ಲ. "ಆ ಥರದ ಕೇಸುಗಳ ಬಗ್ಗೆ ಸ್ವಲ್ಪ ತಿಳಿವಳಿಕೆ ಕೊಡಬೇಕು, ವಕೀಲರೇ" ಎಂದಷ್ಟೇ ಹೇಳಿದರು. ಯಾವ ಥರದ್ದು ಎಂದು ಕೇಳಿದ್ದಕ್ಕೆ, "ನಿಮಗೆ ಗೊತ್ತುಂಟಲ್ಲ" ಎಂದರು. ಅವರನ್ನು ದೂರುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಬಯಸದೆ ನಿಂತ ಬಸಿರಿನ ಬಗ್ಗೆ, ಅದರಲ್ಲಿ ಗಂಡಸಿನ ಪಾಲೆಷ್ಟು, ಹೆಂಗಸಿನ ಪಾಲೆಷ್ಟು, ನ್ಯಾಯವಾದ ಹಂಚಿಕೆ ಯಾವುದು ಎಂಬುದರ ಬಗ್ಗೆ ಮಾತನಾಡಲು ಹೊರಟಾಗ ಮೊದಲು ಎದುರಾಗುವ ಕಷ್ಟ ಮಾತಿನದೇ ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಮದುವೆಯಾಗದ ಹುಡುಗಿ ಬಸುರಿಯಾದರೆ ನಾವು "ಕಾಲು ಜಾರಿದಳು" ಎನ್ನುತ್ತೇವೆ. ಅವಳ ಜೊತೆಗಿದ್ದವನು ಊರು ಬಿಟ್ಟ ಮೇಲೆ ಅವನ ಬಗ್ಗೆ "ಕೈ ಕೊಟ್ಟ" ಎನ್ನುತ್ತೇವೆ. ಈ ಎರಡು ಮಾತುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಜಾರುವುದಕ್ಕೆ ಇನ್ನೊಬ್ಬರ ಅಗತ್ಯವಿಲ್ಲ. ಆಟಿ ತಿಂಗಳಲ್ಲಿ ಪಾಚಿ ಹಿಡಿದ ಅಂಗಳದಲ್ಲಿ ಯಾರೂ ತಾವಾಗಿಯೇ ಜಾರಿ ಬೀಳಬಹುದು. ಹೀಗೆ ಹೇಳಿದ ಕ್ಷಣದಲ್ಲಿಯೇ ಆ ಘಟನೆಯಿಂದ ಗಂಡಸು ಹೊರಗಾಗುತ್ತಾನೆ. ಆಮೇಲೆ ಅವನು ಕಾಣಿಸಿಕೊಳ್ಳುವುದು ಬಿಟ್ಟು ಹೋಗುವಾಗ ಮಾತ್ರ, ಅದೂ ಕೈ ಕೊಟ್ಟವನಾಗಿ. ಮದುವೆಯಾದವರ ಮಾತು ಬಂದಾಗ ಆ ಕೈಯೂ ಇಲ್ಲ. "ಅವಳಿಗೆ ಪುನಃ ನಿಂತಿತಂತೆ" ಎನ್ನುತ್ತೇವೆ, ನಿಲ್ಲಬಾರದ ಕಡೆ ಬಸ್ಸು ನಿಂತ ಹಾಗೆ.

ಇಂಥ ಬಸಿರೆಂದರೆ ಮದುವೆಯಾಗದವರ ಸಮಸ್ಯೆ ಎಂಬ ಭಾವನೆಯೂ ನಮ್ಮಲ್ಲಿ ಗಟ್ಟಿಯಾಗಿದೆ. 2015ನೇ ಇಸವಿಯ ಬಗ್ಗೆ ನಡೆದು 2018ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಅಂದಾಜಿನಂತೆ ಆ ಒಂದು ವರ್ಷ ಭಾರತದಲ್ಲಿ 4.81 ಕೋಟಿ ಗರ್ಭಗಳು ನಿಂತವು, ಅವುಗಳಲ್ಲಿ ಸುಮಾರು ಅರ್ಧ ಯೋಚಿಸದೆ ಆದವು, 1.56 ಕೋಟಿ ಗರ್ಭಪಾತಗಳು ನಡೆದವು. ಈ ಕೋಟಿಗಳೆಲ್ಲ ಕಾಲೇಜು ಹುಡುಗಿಯರದ್ದಾಗಿರಲು ಸಾಧ್ಯವಿಲ್ಲ. ಮದುವೆಯ ಫೋಟೋ ಗೋಡೆಯಲ್ಲಿ ತೂಗುಹಾಕಿರುವ ಮನೆಗಳಲ್ಲಿಯೇ ಇದು ನಡೆಯುತ್ತದೆ. ನನ್ನ ಮನೆಯಲ್ಲಿಯೂ ನಡೆದಿದೆ. ಹೆಂಡತಿಯ ಒಪ್ಪಿಗೆ ಪಡೆದು ಅದನ್ನು ಹೇಳುತ್ತೇನೆ.

1994ರ ಮಳೆಗಾಲ. ನಮಗೆ ಆಗ ಎರಡು ಮಕ್ಕಳಿದ್ದವು, ಸಣ್ಣವಳಿಗೆ ಒಂದೂವರೆ ವರ್ಷ. ಮೂರನೆಯದು ಬೇಡವೆಂದು ನಾವಿಬ್ಬರೂ ಮಾತಾಡಿಕೊಂಡಿದ್ದೆವು. ಆದರೆ ಬೇಡವಾದುದನ್ನು ತಡೆಯುವ ಕೆಲಸ ಯಾರದ್ದು ಎಂದು ಮಾತಾಡಿಕೊಂಡಿರಲಿಲ್ಲ. ಎಂಟು ವಾರ ಆಗಿದೆ ಎಂದು ತಿಳಿದ ಮೇಲೆ ಅವಳು ಮಂಗಳೂರಿನ ಒಂದು ಆಸ್ಪತ್ರೆಗೆ ಹೋಗುವುದೆಂದು ತೀರ್ಮಾನಿಸಿದಳು. ಆ ದಿನ ನನಗೆ ಒಂದು ಸಾಕ್ಷಿಯ ಪಾಟೀಸವಾಲು ಇತ್ತು, ಅದನ್ನು ಮುಂದೂಡಲು ಕೇಳಬಹುದೆಂದು ನನಗೆ ಹೊಳೆಯಲೂ ಇಲ್ಲ. ಸುರಿಯುವ ಮಳೆಯಲ್ಲಿ ಐವತ್ತು ಕಿಲೋಮೀಟರು ಬಸ್ಸಿನಲ್ಲಿ ಒಬ್ಬಳೇ ಹೋದಳು. ಅಲ್ಲಿ ಕೌಂಟರಿನಲ್ಲಿದ್ದವರು "ಗಂಡನ ಸಹಿ ಬೇಕು" ಎಂದು ಹೇಳಿದ್ದರಿಂದ ಹಾಗೆಯೇ ತಿರುಗಿ ಬಂದಳು. ಗಂಡನ ಸಹಿ ಬೇಕೆಂದು ಕಾನೂನಿನಲ್ಲಿ ಎಲ್ಲಿಯೂ ಇರಲಿಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಬೆಳಿಗ್ಗೆ ಅವಳು ಹೊರಡುವಾಗ ಅದನ್ನೊಂದು ಮಾತು ಹೇಳಿ ಕಳುಹಿಸಬೇಕೆಂದು ಅನ್ನಿಸಲಿಲ್ಲ. ಮುಂದಿನ ವಾರ ನಾನೂ ಹೋದೆ, ಬೇಕಿಲ್ಲದ ಕಡೆ ಸಹಿ ಹಾಕಿದೆ, ಹೊರಗೆ ಬೆಂಚಿನಲ್ಲಿ ಕಾದೆ. ಆ ಸಹಿ ಹಾಕುವಾಗ ಹೆಂಡತಿಗೆ ಅನುಮತಿ ಕೊಟ್ಟ ಯಜಮಾನನ ಒಂದು ಸಣ್ಣ ತೃಪ್ತಿ ನನ್ನಲ್ಲಿ ಇತ್ತೆಂಬುದನ್ನೂ ಒಪ್ಪಿಕೊಳ್ಳಬೇಕು.

ಈಗ ಕಾನೂನಿಗೆ ಬರುತ್ತೇನೆ. ವೈದ್ಯಕೀಯ ಗರ್ಭಪಾತ ಕಾಯ್ದೆ, ಆಸ್ಪತ್ರೆಯವರ ಬಾಯಲ್ಲಿ ಎಂ.ಟಿ.ಪಿ. ಕಾಯ್ದೆ, ಬಂದದ್ದು 1971ರಲ್ಲಿ. ಹದಿನೆಂಟು ತುಂಬಿದ ಹೆಂಗಸಿನ ವಿಷಯದಲ್ಲಿ ಅವಳ ಒಪ್ಪಿಗೆಯೊಂದೇ ಸಾಕೆಂದು ಆ ಕಾಯ್ದೆ ಅಂದೇ ಹೇಳಿತ್ತು. ಅಪ್ರಾಪ್ತ ವಯಸ್ಕಳಾಗಿದ್ದರೆ ಅಥವಾ ಮಾನಸಿಕ ಅಸ್ವಸ್ಥತೆಯಿದ್ದರೆ ಮಾತ್ರ ಪೋಷಕರ ಒಪ್ಪಿಗೆ ಬೇಕು. ಕೇಳಿದ ಕೂಡಲೇ ಸಿಗುವ ಹಕ್ಕು ಎಂಬ ರೂಪದಲ್ಲಿ ನಮ್ಮ ಕಾನೂನು ಇದನ್ನು ಕೊಟ್ಟಿಲ್ಲ, ವೈದ್ಯರ ಅಭಿಪ್ರಾಯದ ಮೂಲಕವೇ ಕೊಟ್ಟಿದೆ. 2021ರ ತಿದ್ದುಪಡಿಯ ನಂತರ 20 ವಾರಗಳ ತನಕ ಒಬ್ಬ ವೈದ್ಯರ, 20ರಿಂದ 24 ವಾರಗಳ ನಡುವೆ ನಿಯಮದಲ್ಲಿ ಹೆಸರಿಸಿರುವ ಕೆಲವು ವರ್ಗದ ಹೆಂಗಸರಿಗೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕು. ಭ್ರೂಣಕ್ಕೆ ಗಂಭೀರ ದೋಷವಿದ್ದಾಗ ಅದಕ್ಕೂ ಮುಂದೆ ವೈದ್ಯಕೀಯ ಮಂಡಳಿಯ ಮುಂದೆ ಹೋಗಬೇಕು. ಅದೇ ತಿದ್ದುಪಡಿಯಲ್ಲಿ ಹೆಚ್ಚು ಜನರ ಗಮನಕ್ಕೆ ಬಾರದ ಒಂದು ಬದಲಾವಣೆಯಿದೆ. ಗರ್ಭನಿರೋಧಕ ವಿಫಲವಾದ ಸಂದರ್ಭವನ್ನು ವಿವರಿಸುವಾಗ ಹಳೆಯ ಕಾಯ್ದೆಯಲ್ಲಿ "ವಿವಾಹಿತ ಸ್ತ್ರೀ ಅಥವಾ ಅವಳ ಗಂಡ" ಎಂದಿದ್ದ ಕಡೆ ಈಗ "ಯಾವುದೇ ಸ್ತ್ರೀ ಅಥವಾ ಅವಳ ಸಂಗಾತಿ" ಎಂದಾಗಿದೆ. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ, ಅದರಲ್ಲಿ ಕೊಡಗಿನವರಾದ ಎ.ಎಸ್. ಬೋಪಣ್ಣ ಅವರೂ ಇದ್ದರು, ಮದುವೆಯಾಗದವಳನ್ನು 24 ವಾರಗಳ ಸೌಲಭ್ಯದಿಂದ ಹೊರಗಿಡುವಂತಿಲ್ಲವೆಂದು ತೀರ್ಪಿತ್ತಿತು. ಗಂಡನೇ ಬಲಾತ್ಕಾರ ಮಾಡಿ ಆದ ಗರ್ಭವನ್ನು ಈ ಕಾಯ್ದೆಯ ಮಟ್ಟಿಗೆ ಅತ್ಯಾಚಾರದಿಂದ ಆದದ್ದೆಂದೇ ಪರಿಗಣಿಸಬೇಕೆಂದೂ ಅದೇ ತೀರ್ಪು ಹೇಳಿತು.

ಗಂಡನ ಒಪ್ಪಿಗೆಯಿಲ್ಲದೆ ಗರ್ಭಪಾತ ಮಾಡಿಸಿಕೊಂಡಳೆಂದು ಹೆಂಡತಿಯ ಮೇಲೂ ವೈದ್ಯರ ಮೇಲೂ 30 ಲಕ್ಷ ರೂಪಾಯಿಯ ದಾವೆ ಹೂಡಿದ ಒಬ್ಬ ಗಂಡನ ಕೇಸು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟಿನಲ್ಲಿ ಬಿದ್ದು, 2017ರಲ್ಲಿ ಸುಪ್ರೀಂ ಕೋರ್ಟಿನಲ್ಲಿಯೂ ಬಿತ್ತು. ಇಷ್ಟೆಲ್ಲ ಆದ ಮೇಲೂ "ಗಂಡನನ್ನು ಕರೆದುಕೊಂಡು ಬಾ" ಎನ್ನುವ ಕೌಂಟರುಗಳು ಇಂದಿಗೂ ಇವೆ. ಹೇಳಿ ಕಳುಹಿಸಬೇಕಾದ ಮಾತನ್ನು ಹೇಳದ ನನ್ನಂಥವರಿಂದಲೇ ಆ ಕೌಂಟರುಗಳಿಗೆ ಧೈರ್ಯ ಬರುತ್ತದೆ.

ಈ ಮಾತುಗಳನ್ನು ಕೇಳಿದ ಕೂಡಲೇ ಗಂಡಸರಿಂದ ಬರುವ ಪ್ರಶ್ನೆಯೊಂದಿದೆ. ಇದನ್ನು ನನ್ನ ಕಚೇರಿಯಲ್ಲಿ ಕುಳಿತು ಹಲವರು ಕೇಳಿದ್ದಾರೆ, ಒಬ್ಬ ತರುಣನಂತೂ ಮೇಜು ಕುಟ್ಟಿ ಕೇಳಿದ್ದ: "ಇಟ್ಟುಕೊಳ್ಳುವುದೋ ತೆಗೆಯುವುದೋ ಎಂಬ ತೀರ್ಮಾನ ಅವಳೊಬ್ಬಳದ್ದಾದರೆ, ಇಟ್ಟುಕೊಂಡ ಮೇಲೆ ಹದಿನೆಂಟು ವರ್ಷ ಚೆಲವಿಗೆ ಕೊಡುವ ಜವಾಬ್ದಾರಿ ನನ್ನದು ಹೇಗಾಗುತ್ತದೆ?" (ಜೀವನಾಂಶಕ್ಕೆ ಮಲಯಾಳದ "ಚೆಲವು" ಎಂಬ ಪದವೇ ನಮ್ಮ ಕಡೆಯ ಕಕ್ಷಿದಾರರ ಬಾಯಲ್ಲಿ ಬಳಕೆಯಲ್ಲಿದೆ.) ಇದನ್ನು ಉಡಾಫೆಯ ಪ್ರಶ್ನೆಯೆಂದು ತಳ್ಳಿಹಾಕುವವನಲ್ಲ ನಾನು. ಅಧಿಕಾರವಿಲ್ಲದ ಕಡೆ ಹೊಣೆಯೂ ಇರಬಾರದು ಎಂಬುದು ನ್ಯಾಯದ ಒಂದು ಹಳೆಯ ತತ್ತ್ವವೇ.

ಆದರೆ ಆ ತರುಣ ಎರಡು ಬೇರೆ ಬೇರೆ ಖಾತೆಗಳನ್ನು ಒಂದೇ ಪುಸ್ತಕದಲ್ಲಿ ಬರೆಯುತ್ತಿದ್ದ. ಗರ್ಭವನ್ನು ಮುಂದುವರಿಸುವ ತೀರ್ಮಾನ ಹೆಂಗಸಿನದ್ದಾಗಿರುವುದು ಅವಳಿಗೆ ಕೊಟ್ಟ ಬಹುಮಾನದಿಂದಲ್ಲ. ವಾಂತಿ, ರಕ್ತಹೀನತೆ, ಏರುವ ರಕ್ತದೊತ್ತಡ, ಹೊಲಿಗೆ, ಕೆಲವೊಮ್ಮೆ ಸಾವು, ಇವೆಲ್ಲ ಬರುವುದು ಅವಳ ಮೈಗೆ. ಆ ಮೈಯನ್ನು ಇಬ್ಬರು ಹಂಚಿಕೊಳ್ಳಲು ಸಾಧ್ಯವಾಗುತ್ತಿದ್ದರೆ ತೀರ್ಮಾನವನ್ನೂ ಹಂಚಿಕೊಳ್ಳಬಹುದಿತ್ತು. ಇನ್ನು ಚೆಲವು ಎಂಬುದು ಅವಳಿಗೆ ಸಲ್ಲುವ ಹಣವೇ ಅಲ್ಲ, ಅದು ಮಗುವಿನ ಹಕ್ಕು. ಮೊದಲು ಅಪರಾಧ ಪ್ರಕ್ರಿಯಾ ಸಂಹಿತೆಯ 125ನೇ ಕಲಮು, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮು, ಎರಡೂ ಮಗು ಮದುವೆಯೊಳಗೆ ಹುಟ್ಟಿತೋ ಹೊರಗೆ ಹುಟ್ಟಿತೋ ಎಂದು ಭೇದ ಮಾಡುವುದಿಲ್ಲ. ತಂದೆ ತಾಯಿಯರ ನಡುವೆ ಯಾವ ಮಾತಾಗಿತ್ತು, ಯಾರು ಯಾರಿಗೆ ಏನು ಭರವಸೆ ಕೊಟ್ಟಿದ್ದರು ಎಂಬುದು ಮಗುವಿಗೆ ಸಂಬಂಧಿಸಿದ್ದಲ್ಲ, ಆ ಕರಾರಿಗೆ ಮಗು ಸಹಿ ಹಾಕಿಲ್ಲ. ಗಂಡಸಿಗೆ ತೀರ್ಮಾನವೇ ಇಲ್ಲವೆಂಬ ಮಾತೂ ಸರಿಯಲ್ಲ. ಅವನ ತೀರ್ಮಾನದ ಹೊತ್ತು ಮೊದಲೇ ಬಂದು ಹೋಗಿರುತ್ತದೆ, ಆಗ ಅವನು ಅದನ್ನು ತೀರ್ಮಾನವೆಂದು ಗುರುತಿಸಿರುವುದಿಲ್ಲ ಅಷ್ಟೇ.

ಇಷ್ಟು ಹೇಳಿದ ಮೇಲೂ ಒಂದು ಅಸಮಾನತೆ ಉಳಿಯುತ್ತದೆ. ಬಸಿರು ನಿಂತ ಮೇಲೆ ಅವಳಿಗೆ ಇನ್ನೊಂದು ಅವಕಾಶವಿದೆ, ಅವನಿಗಿಲ್ಲ. ಮಗು ಬೇಕೆಂದು ಬಯಸಿದ ಗಂಡಸು, ಬೇಡವೆಂದ ಹೆಂಗಸು, ಇಂಥ ಜೋಡಿಯನ್ನೂ ನಾನು ನೋಡಿದ್ದೇನೆ. ಅವನು ನನ್ನೆದುರು ಅತ್ತಿದ್ದಾನೆ. ಅವನ ದುಃಖ ನಿಜ, ಅದನ್ನು ನೋಡಿ ನಗಬಾರದು, ಆದರೆ ಅದಕ್ಕೆ ಕಾನೂನಿನಲ್ಲಿ ಪರಿಹಾರ ಹುಡುಕಹೊರಟರೆ ಅವಳನ್ನು ಒಂಬತ್ತು ತಿಂಗಳು ಕಟ್ಟಿಹಾಕುವ ಆದೇಶವನ್ನೇ ಬರೆಯಬೇಕಾಗುತ್ತದೆ. ಪಿತೃತ್ವವೇ ತನ್ನದಲ್ಲ ಎನ್ನುವವನಿಗೆ ದಾರಿಯಿದೆ. ಕೇಳಿದವರಿಗೆಲ್ಲ ರಕ್ತಪರೀಕ್ಷೆಗೆ ಆದೇಶ ಕೊಡಬಾರದೆಂದು 1993ರಲ್ಲಿ ಹೇಳಿದ ಸುಪ್ರೀಂ ಕೋರ್ಟು, ಒಮ್ಮೆ ಡಿ.ಎನ್.ಎ. ವರದಿ ಬಂದ ಮೇಲೆ ಕಾನೂನಿನ ಊಹೆಗಿಂತ ವಿಜ್ಞಾನದ ಪುರಾವೆ ಮೇಲು ಎಂದು 2014ರಲ್ಲಿ ಹೇಳಿತು. ನನ್ನ ಅನುಭವದಲ್ಲಿ "ನನ್ನದಲ್ಲ" ಎಂದು ಗಟ್ಟಿಯಾಗಿ ಕೂಗಿದವರಲ್ಲಿ ಹೆಚ್ಚಿನವರು ಪರೀಕ್ಷೆಯ ದಿನಾಂಕ ಹತ್ತಿರ ಬಂದಾಗ ರಾಜಿಯ ಮಾತೆತ್ತಿದ್ದಾರೆ.

ಒಂದು ಕೇಸನ್ನು ಗುರುತು ಸಿಗದ ಹಾಗೆ ಹೇಳುತ್ತೇನೆ. ಅವಳು ಬಟ್ಟೆಯಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು, ಅವನು ಕೊಲ್ಲಿಗೆ ಹೋಗಿದ್ದ. ಮದುವೆಯ ಮಾತಾಗಿತ್ತು, ಮದುವೆಯಾಗಿರಲಿಲ್ಲ. ಮಗುವಿಗೆ ಎರಡು ವರ್ಷವಾದಾಗ ಕುಟುಂಬ ನ್ಯಾಯಾಲಯದಲ್ಲಿ ಅರ್ಜಿ ಹಾಕಿದೆವು. ಖರ್ಚಿಗೆ ದಾಖಲೆ ಏನಾದರೂ ಉಂಟೋ ಎಂದು ಕೇಳಿದಾಗ ಅವಳು ಒಂದು ಪ್ಲಾಸ್ಟಿಕ್ ತೊಟ್ಟೆಯನ್ನು ನನ್ನ ಮೇಜಿನ ಮೇಲೆ ಮಗುಚಿದಳು. ಚುಚ್ಚುಮದ್ದಿನ ಕಾರ್ಡು, ಸ್ಕ್ಯಾನಿಂಗಿನ ಮಾಸಿದ ಹಾಳೆಗಳು, ಅವುಗಳ ಜೊತೆಗೆ ಆಯತಾಕಾರವಾಗಿ ಕತ್ತರಿಸಿದ ರಟ್ಟಿನ ಚೂರುಗಳು. ಹಾಲಿನ ಪುಡಿಯ ಪೆಟ್ಟಿಗೆಗಳಿಂದ ಬೆಲೆ ಅಚ್ಚಾಗಿರುವ ಭಾಗವನ್ನಷ್ಟೇ ಕತ್ತರಿಸಿ, ಪ್ರತಿಯೊಂದರ ಹಿಂದೆ ಪೆನ್ನಿನಲ್ಲಿ ತಾರೀಕು ಬರೆದಿಟ್ಟಿದ್ದಳು. ಅಂಗಡಿಯವನು ಬಿಲ್ಲು ಕೊಡುತ್ತಿರಲಿಲ್ಲವಂತೆ. ಎದುರ್ಕಕ್ಷಿಯವನು ತನಗೆ ಕೆಲಸವೇ ಇಲ್ಲವೆಂದು ಹೇಳಿಕೆ ಕೊಟ್ಟಿದ್ದ. ಅದೇ ಸಮಯದಲ್ಲಿ ಊರಿನಲ್ಲಿ ಅವನ ಎರಡಂತಸ್ತಿನ ಮನೆಗೆ ಟೈಲ್ಸು ಹಾಸುತ್ತಿದ್ದರು. ಇಬ್ಬರೂ ತಮ್ಮ ಆದಾಯ ಆಸ್ತಿಗಳ ಪ್ರಮಾಣಪತ್ರ ಸಲ್ಲಿಸಬೇಕು, ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಕೊಡಿಸಬೇಕು ಎಂದು ಸುಪ್ರೀಂ ಕೋರ್ಟು 2020ರ ನವೆಂಬರಿನಲ್ಲಿ ಮಾಡಿದ ನಿರ್ದೇಶನಗಳು ನಮಗೆ ಉಪಯೋಗಕ್ಕೆ ಬಂದವು. ಆದೇಶ ಸಿಕ್ಕಿತು. ಬಾಕಿ ವಸೂಲಿಗೆ ಮತ್ತೆ ಒಂದೂವರೆ ವರ್ಷ ಅಲೆದೆವು.

ಆ ಸ್ಕ್ಯಾನಿಂಗಿನ ಹಾಳೆಗಳು ಮಾತ್ರ ತೊಟ್ಟೆಯಲ್ಲಿಯೇ ಉಳಿದವು. ಮಗುವಿಗೆ ಸಲ್ಲುವುದು ಮಗು ಹುಟ್ಟಿದ ಮೇಲಿನದ್ದು. ಮದುವೆಯಾದವಳಿಗೆ ಹೆಂಡತಿಯೆಂಬ ನೆಲೆಯಲ್ಲಿ, ಮದುವೆಯಂತೆಯೇ ಕೂಡಿ ಬಾಳಿದವಳಿಗೆ 2005ರ ಕೌಟುಂಬಿಕ ಹಿಂಸಾಚಾರ ತಡೆ ಕಾಯ್ದೆಯಲ್ಲಿ ಒಂದಿಷ್ಟು ದಾರಿಯಿದೆ. ಎರಡೂ ಅಲ್ಲದ ಈ ಹುಡುಗಿಯ ಒಂಬತ್ತು ತಿಂಗಳ ಆಸ್ಪತ್ರೆ ಖರ್ಚು, ಬಿಟ್ಟುಹೋದ ಸಂಬಳ, ಹೆರಿಗೆಯ ಬಿಲ್ಲು, ಇವನ್ನು ಅವನಿಂದ ನೇರವಾಗಿ ಕೇಳುವುದಕ್ಕೆ ಜೀವನಾಂಶದ ಕಲಮಿನಲ್ಲಿ ಜಾಗವಿಲ್ಲ. ಅವನು ಜೈಲಿಗೆ ಹೋಗಬೇಕೆಂದರೆ ಭಾರತೀಯ ನ್ಯಾಯ ಸಂಹಿತೆಯ 69ನೇ ಕಲಮಿದೆ, ಮದುವೆಯ ಸುಳ್ಳು ಭರವಸೆಯಿಂದ ಸೇರಿದವನಿಗೆ ಹತ್ತು ವರ್ಷದ ತನಕ ಶಿಕ್ಷೆ. ಅವನು ಸ್ಕ್ಯಾನಿಂಗಿನ ಅರ್ಧ ದುಡ್ಡು ಕೊಡಬೇಕೆಂದರೆ ನೇರವಾದ ದಾರಿಯಿಲ್ಲ. ಶಿಕ್ಷೆಗೆ ಇಷ್ಟು ದೊಡ್ಡ ಬಾಗಿಲು, ಪಾಲಿಗೆ ಸಣ್ಣ ಕಿಂಡಿಯೂ ಇಲ್ಲ. ಇದರ ಫಲವಾಗಿಯೇ ಹಣಕ್ಕಾಗಿ ಹೂಡಬೇಕಾದ ಕೇಸುಗಳೂ ಪೊಲೀಸ್ ಠಾಣೆಗೆ ಹೋಗಿ, ಅಲ್ಲಿಂದ ಹಿರಿಯರ ಪಂಚಾತಿಗೆಗೆ ಬಂದು, ಒಲ್ಲದ ಗಂಡನ್ನು ಒಲ್ಲದ ಹೆಣ್ಣಿಗೆ ಕಟ್ಟುವುದರಲ್ಲಿ ಮುಗಿಯುತ್ತವೆ ಎಂದು ನನ್ನ ಅಭಿಪ್ರಾಯ. ಅಂಥ ಮದುವೆಯ ಊಟಕ್ಕೆ ನಾನೂ ಒಮ್ಮೆ ಹೋಗಿದ್ದೇನೆ. ಆ ಮದುವೆ ಎರಡು ಓಣಂ ದಾಟಲಿಲ್ಲ.

ಇಲ್ಲಿ ನಮ್ಮ ನೆಲದ ಹಳೆಯ ಪದ್ಧತಿಯ ಮಾತು ಬರುತ್ತದೆ, ಯಾಕೆಂದರೆ "ನಮ್ಮಲ್ಲಿ ಹಿಂದೆ ಹೆಣ್ಣಿಗೆ ಈ ತಾಪತ್ರಯವಿರಲಿಲ್ಲ" ಎಂದು ಹೆಮ್ಮೆಪಡುವವರನ್ನು ಕೇಳಿದ್ದೇನೆ. ಸ್ಥೂಲವಾಗಿ ಹೇಳುವುದಾದರೆ ಚಂದ್ರಗಿರಿ ಹೊಳೆಯ ಈಚೆಗೆ ಅಳಿಯಕಟ್ಟು, ಆಚೆಗೆ ಮರುಮಕ್ಕತ್ತಾಯ, ಎರಡೂ ತಾಯಿಯ ಕಡೆಯಿಂದ ಮನೆತನ ನಡೆಯುವ ಪದ್ಧತಿಗಳು. ಎಲ್ಲ ಜಾತಿಗಳಲ್ಲಿ ಅಲ್ಲ, ಆದರೆ ಅದು ನಡೆದ ಮನೆಗಳಲ್ಲಿ ಮಗು ತಾಯಿಯ ಮನೆಯದ್ದಾಗಿತ್ತು, ತಾಯಿಯ ಮನೆಯ ಹೆಸರು ಅದಕ್ಕೆ ಸಿಗುತ್ತಿತ್ತು, ಗದ್ದೆಯ ಅಕ್ಕಿಯಲ್ಲಿ ಅದಕ್ಕೂ ಪಾಲಿತ್ತು, ಸೋದರಮಾವ ಅದರ ಯಜಮಾನನಾಗಿದ್ದ. ಅಪ್ಪನ ಹೆಸರಿಲ್ಲದ್ದರಿಂದ ಮಗು ಬೀದಿಗೆ ಬೀಳುತ್ತಿರಲಿಲ್ಲ ಎಂಬ ಮಾತಿನಲ್ಲಿ ಸತ್ಯವಿದೆ. ಅದೇ ಸತ್ಯದ ಇನ್ನೊಂದು ಮಗ್ಗುಲಲ್ಲಿ, ಹುಟ್ಟಿಸಿದವನಿಗೆ ಆ ಕಟ್ಟಿನಲ್ಲಿ ಯಾವ ಹೊಣೆಯೂ ಇರಲಿಲ್ಲ. 1896ರ ಮಲಬಾರ್ ವಿವಾಹ ಕಾಯ್ದೆ ಸಂಬಂಧವನ್ನು ನೋಂದಾಯಿಸಿದವನ ಮೇಲೆ ಹೆಂಡತಿ ಮಕ್ಕಳ ಪೋಷಣೆಯ ಹೊಣೆ ಹೊರಿಸಿತು. ನೋಂದಾಯಿಸಲು ಮುಂದೆ ಬಂದವರು ಬೆರಳೆಣಿಕೆಯಷ್ಟು ಮಂದಿ. ಮುಂದೆ 1975ರ ಕೇರಳದ ಕಾಯ್ದೆಯಿಂದ ಹಿಂದೂ ಅವಿಭಕ್ತ ಕುಟುಂಬಗಳೇ ರದ್ದಾದವು, ತರವಾಡಿನ, ಅಂದರೆ ಆ ತಾಯಿಮನೆಯ, ಆಸ್ತಿ ಪಾಲಾಯಿತು, ಸೋದರಮಾವನೂ ತನ್ನ ಹೆಂಡತಿ ಮಕ್ಕಳ ಪಾಡು ನೋಡಿಕೊಂಡ. ಮಗುವನ್ನು ಹೊತ್ತ ಮನೆ ಹೋಯಿತು, ಹುಟ್ಟಿಸಿದವನಿಗಿದ್ದ ರಿಯಾಯಿತಿ ಮಾತ್ರ ಉಳಿದುಕೊಂಡಿತು. ಬಟ್ಟೆಯಂಗಡಿಯ ಆ ಹುಡುಗಿ ಬಾಡಿಗೆಯ ಒಂದು ಕೋಣೆಯಲ್ಲಿ ಹೊತ್ತದ್ದು ಹಿಂದೆ ಒಂದು ತರವಾಡು ಹೊರುತ್ತಿದ್ದ ಭಾರವನ್ನು.

ಗಂಡಸಿನ ಹೆಸರು ಹೇಳಿದ ಹೆಂಗಸರೂ ಇದ್ದರು. 1905ರಲ್ಲಿ ಕೊಚ್ಚಿ ರಾಜ್ಯದಲ್ಲಿ ಕುರಿಯೇಡತ್ತ್ ತಾತ್ರಿ ಎಂಬ ನಂಬೂದಿರಿ ಬ್ರಾಹ್ಮಣ ಹೆಂಗಸಿನ ಮೇಲೆ ಸ್ಮಾರ್ತವಿಚಾರ, ಅಂದರೆ ನಡತೆಗೆಟ್ಟಳೆಂಬ ಆರೋಪದ ಮೇಲೆ ಜಾತಿಯವರು ನಡೆಸುವ ವಿಚಾರಣೆ, ನಡೆಯಿತು. ಆ ವಿಚಾರಣೆಯ ಭಾಷೆಯಲ್ಲಿ ಆಪಾದಿತೆಗೆ ಹೆಸರಿಲ್ಲ, ಅವಳು "ಸಾಧನಂ", ಅಂದರೆ ಒಂದು ವಸ್ತು. ಆ ವಸ್ತು ಅರವತ್ತಕ್ಕೂ ಹೆಚ್ಚು ಗಂಡಸರ ಹೆಸರನ್ನು ಗುರುತು ಸಮೇತ ಹೇಳಿತು, ಅವರೂ ಅವಳೊಂದಿಗೆ ಜಾತಿಯಿಂದ ಹೊರಬಿದ್ದರು. ನ್ಯಾಯವೆಂದರೆ ಬಹಿಷ್ಕಾರವನ್ನು ಸಮನಾಗಿ ಹಂಚುವುದೆಂದು ನಾನು ಹೇಳುವುದಿಲ್ಲ. ಆದರೆ ಹೆಸರು ಹೇಳಿಸದೆ ಬಿಟ್ಟ ಎಲ್ಲ ವಿಚಾರಣೆಗಳಿಗಿಂತ ಅದು ಭಿನ್ನವಾದದ್ದಕ್ಕೆ ಕಾರಣ ಅವಳ ನೆನಪು ಮತ್ತು ಅವಳ ಹಟ.

ನಮ್ಮ ಸರಕಾರದ ಒಳ್ಳೆಯ ಕೆಲಸಗಳಲ್ಲಿಯೂ ಆ ಹೆಸರು ಕಾಣೆಯಾಗಿರುವುದನ್ನು ಗಮನಿಸಿ. 2002ರಲ್ಲಿ ತಿರುವನಂತಪುರದಲ್ಲಿ ಆರಂಭವಾದ ತೊಟ್ಟಿಲಿನ ಯೋಜನೆಯಲ್ಲಿ ಸಾಕಲಾಗದ ಶಿಶುವನ್ನು ಗುಟ್ಟಾಗಿ ತಂದು ಮಲಗಿಸಬಹುದು. ಮಗುವಿನ ಜೀವ ಉಳಿಯುತ್ತದೆ, ಯಾರನ್ನೂ ವಿಚಾರಿಸುವುದಿಲ್ಲ. ಅದರ ಹೆಸರು "ಅಮ್ಮತ್ತೊಟ್ಟಿಲ್". ತಂದು ಮಲಗಿಸುವವಳು ಅಮ್ಮನೇ ಎಂದು ಹೆಸರಿಡುವಾಗಲೇ ತೀರ್ಮಾನವಾಗಿಬಿಟ್ಟಿದೆ. ಅವಿವಾಹಿತ ತಾಯಂದಿರಿಗೆ ತಿಂಗಳ ನೆರವು ಕೊಡುವ "ಸ್ನೇಹಸ್ಪರ್ಶಂ" ಎಂಬ ಯೋಜನೆಯಿದೆ, ಬೇಕಾದ ಯೋಜನೆಯೇ. ಅಪ್ಪ ಕೊಡಬೇಕಾದುದನ್ನು ಖಜಾನೆ ಕೊಡುತ್ತಿದೆ. 2015ರ ಬಾಲನ್ಯಾಯ ಕಾಯ್ದೆಯಂತೆ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕ್ರಮಬದ್ಧವಾಗಿ ಒಪ್ಪಿಸಬಹುದು, ಮನಸ್ಸು ಬದಲಾಯಿಸಲು 60 ದಿನಗಳ ಅವಕಾಶವೂ ಇದೆ. ತೊಟ್ಟಿಲಿಗಿಂತ ಈ ದಾರಿ ಒಳ್ಳೆಯದೆಂದು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ.

ಇನ್ನು ತಡೆಯುವ ಮಾತು. ನಿರೋಧ್ 1968ರಲ್ಲಿ ಮೂರಕ್ಕೆ 15 ಪೈಸೆಯಂತೆ ಮಾರಾಟಕ್ಕೆ ಬಂತು, ಅದನ್ನು ತಯಾರಿಸುವ ಸರಕಾರಿ ಕಾರ್ಖಾನೆ ನಮ್ಮ ರಾಜ್ಯದ ರಾಜಧಾನಿಯಲ್ಲಿಯೇ ಇದೆ. ತಪ್ಪದೆ, ಸರಿಯಾಗಿ ಬಳಸಿದರೆ ವರ್ಷವೊಂದರಲ್ಲಿ ನೂರು ಹೆಂಗಸರಲ್ಲಿ ಇಬ್ಬರಿಗೆ ಗರ್ಭ ನಿಲ್ಲುತ್ತದೆ. ಜನ ಸಾಮಾನ್ಯವಾಗಿ ಬಳಸುವ ರೀತಿಯಲ್ಲಿ ಬಳಸಿದರೆ ಸುಮಾರು 13 ಮಂದಿಗೆ. ನಡುವಿನ ಆ ಹನ್ನೊಂದು ಮಂದಿ ಗಂಡಸಿನ ಉದಾಸೀನದ ಲೆಕ್ಕಕ್ಕೆ ಸೇರಬೇಕೆಂದು ನನ್ನ ವಾದ. ಎಚ್ಚರ ತಪ್ಪಿದಾಗ 72 ಗಂಟೆಗಳ ಒಳಗೆ ತೆಗೆದುಕೊಳ್ಳುವ ತುರ್ತು ಮಾತ್ರೆ ಚೀಟಿಯಿಲ್ಲದೆಯೇ ಮೆಡಿಕಲಿನಲ್ಲಿ ಸಿಗುತ್ತದೆ. ಗರ್ಭ ನಿಂತ ಮೇಲಿನ ಮಾತ್ರೆ ಬೇರೆ. ಅದು ಒಂಬತ್ತು ವಾರಗಳ ಒಳಗೆ, ವೈದ್ಯರ ನಿಗಾದಲ್ಲಿ ಮಾತ್ರ. ತರುಣರಲ್ಲಿ ಕೆಲವರು ಗಡಿಯಾಚೆಯ ಯಾವುದೋ ಮೆಡಿಕಲಿನಿಂದ ಅದನ್ನು ತಂದು ಹುಡುಗಿಯ ಕೈಗೆ ಕೊಟ್ಟು ಜವಾಬ್ದಾರಿ ಮುಗಿಯಿತೆಂದು ತಿಳಿಯುತ್ತಾರೆ. ಅವಳ ಒಪ್ಪಿಗೆಯಿಲ್ಲದೆ ಕುಡಿಸಿದರೆ ನ್ಯಾಯ ಸಂಹಿತೆಯ 89ನೇ ಕಲಮಿನಂತೆ ಜೀವಾವಧಿಯ ತನಕ ಶಿಕ್ಷೆಯಾಗಬಹುದು ಎಂಬುದು ಬಾಗಿಲ ಬಳಿ ಕುಳಿತವರಿಗೂ ಕೇಳಿಸಲಿ.

ಗಂಡಸರ ಶಸ್ತ್ರಚಿಕಿತ್ಸೆಯ ಕತೆ ಇನ್ನೂ ವಿಚಿತ್ರ. 1971ರ ಜುಲೈಯಲ್ಲಿ ಎರ್ನಾಕುಳಂನಲ್ಲಿ ಆಗಿನ ಜಿಲ್ಲಾಧಿಕಾರಿ ಎಸ್. ಕೃಷ್ಣಕುಮಾರ್ ನಡೆಸಿದ ಶಿಬಿರದಲ್ಲಿ ಒಂದೇ ತಿಂಗಳಿಗೆ 60,000ಕ್ಕೂ ಹೆಚ್ಚು ಗಂಡಸರು ಮಾಡಿಸಿಕೊಂಡಿದ್ದರು. ಪ್ರೋತ್ಸಾಹಧನವಿತ್ತು ನಿಜ, ಆದರೂ ಬಂದವರು ಗಂಡಸರೇ ಅಲ್ಲವೇ. ಐದು ವರ್ಷದೊಳಗೆ ತುರ್ತು ಪರಿಸ್ಥಿತಿ ಬಂತು, 1976–77ರ ಒಂದೇ ವರ್ಷ ದೇಶದಲ್ಲಿ 80 ಲಕ್ಷಕ್ಕೂ ಮೇಲ್ಪಟ್ಟು ಸಂತಾನಹರಣ ಶಸ್ತ್ರಚಿಕಿತ್ಸೆಗಳು, ಹೆಚ್ಚಿನವು ಗಂಡಸರಿಗೆ, ಬಹಳಷ್ಟು ಬಲವಂತದಿಂದ. ಆ ಭಯದಿಂದ ಗಂಡಸರು ಹಿಂದೆ ಸರಿದವರು ಮರಳಿ ಬರಲೇ ಇಲ್ಲ. ಶಿಬಿರಗಳು ಹೆಂಗಸರ ಕಡೆಗೆ ತಿರುಗಿದವು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಹೆಂಗಸರ ಶಸ್ತ್ರಚಿಕಿತ್ಸೆಯನ್ನು ಅವಲಂಬಿಸಿದ ದಂಪತಿಗಳು ನೂರಕ್ಕೆ 37.9, ಗಂಡಸರದ್ದನ್ನು ಅವಲಂಬಿಸಿದವರು 0.3. ಹೆಂಗಸಿಗೆ ಹೊಟ್ಟೆಯೊಳಗಿನ ಶಸ್ತ್ರಚಿಕಿತ್ಸೆ. ಗಂಡಸಿಗೆ ಹೊಲಿಗೆಯೂ ಬೇಡದ ಹದಿನೈದು ನಿಮಿಷದ ಕೆಲಸ, ಆಮೇಲೆ ಮೂರು ತಿಂಗಳು ಕಾದು ವೀರ್ಯ ಪರೀಕ್ಷೆ ಮಾಡಿಸಿ ಖಚಿತಪಡಿಸಿಕೊಳ್ಳಬೇಕು, ಅಷ್ಟೇ.

ನಾನು 1995ರಲ್ಲಿ ಮಾಡಿಸಿಕೊಂಡೆ. ಸುದ್ದಿ ತಿಳಿದು ನಮ್ಮ ತೋಟದಲ್ಲಿ ಅಡಿಕೆ ಕೊಯ್ಯಲು ಬರುತ್ತಿದ್ದವನು, ತಳೆ ಹಾಕಿ ಒಂದು ಮರದಿಂದ ಇನ್ನೊಂದು ಮರಕ್ಕೆ ಹಾರುವಂಥ ಗಟ್ಟಿಗ, ನನ್ನನ್ನು ಮೂಲೆಗೆ ಕರೆದು, "ಇನ್ನು ಭಾರ ಎತ್ತಲಿಕ್ಕೆ ಆಗ್ತದಾ ಅಣ್ಣೇರೇ?" ಎಂದು ಪಿಸುಗುಟ್ಟಿ ಕೇಳಿದ. ಅಮ್ಮನ ಆಕ್ಷೇಪವೂ ಅದೇ ಆಗಿತ್ತು. "ದುಡಿಯುವ ಗಂಡಸಿಗೆ ಯಾಕೆ ಮಗಾ ಇದೆಲ್ಲ, ಅವಳಿಗೆ ಮಾಡಿಸಿದರೆ ಆಗುತ್ತಿತ್ತಲ್ಲ" ಎಂದರು. ಅಮ್ಮ ಈ ಮಾತು ಹೇಳುವಾಗ ಅವಳು ಹಟ್ಟಿಯಿಂದ ಗೊಬ್ಬರದ ಬುಟ್ಟಿ ತಲೆಯ ಮೇಲಿಟ್ಟುಕೊಂಡು ನಮ್ಮೆದುರಿನಿಂದಲೇ ಗುಂಡಿಯ ಕಡೆಗೆ ಹೋಗುತ್ತಿದ್ದಳು. ನಾನು ಜಗಲಿಯಲ್ಲಿ ಕುಳಿತು ಪತ್ರಿಕೆ ಓದುತ್ತಿದ್ದೆ.

ಉಪನ್ಯಾಸ ಮುಗಿದ ಮೇಲೆ ಹಿರಿಯರೊಬ್ಬರು ಎದ್ದು, "ಎಲ್ಲ ಸರಿ, ಆದರೆ ಗಂಡಸು ನಿರ್ದಿಷ್ಟವಾಗಿ ಮಾಡಬೇಕಾದ್ದೇನು ಎಂದು ಹೇಳಿ" ಎಂದು ಕೇಳಿದರು. ಅವಳು ಹೇಳಿದ ದಿನವೇ ಅವಳ ಜೊತೆ ಆಸ್ಪತ್ರೆಗೆ ಹೋಗಬೇಕು, ವಾರಗಳ ಲೆಕ್ಕ ಕಾಯುವುದಿಲ್ಲ. ತನಗೇನು ಬೇಕೆಂದು ಒಮ್ಮೆ ಸ್ಪಷ್ಟವಾಗಿ ಹೇಳಬೇಕು, ಆಮೇಲೆ ಅವಳ ತೀರ್ಮಾನಕ್ಕೆ ಅಡ್ಡ ಬರಬಾರದು. ಇಟ್ಟುಕೊಂಡರೂ ತೆಗೆಸಿದರೂ ಖರ್ಚಿನಲ್ಲಿ ಅರ್ಧ ಎಂದು ಲೆಕ್ಕ ಮಾಡುವ ಮೊದಲು ಅವಳ ಮೈ ಆಗಲೇ ಒಂದು ದೊಡ್ಡ ಪಾಲನ್ನು ಕಟ್ಟಿಯಾಗಿದೆ ಎಂಬುದನ್ನು ನೆನಪಿಟ್ಟು ಹಣದಲ್ಲಿ ತನ್ನ ಪಾಲನ್ನು ಹೆಚ್ಚಿಸಬೇಕು. ಮನೆಯವರಿಗೆ ಸುದ್ದಿ ತಿಳಿಸುವ ಹೊತ್ತಿನಲ್ಲಿ ಪಕ್ಕದಲ್ಲಿ ನಿಂತಿರಬೇಕು. ಇಷ್ಟು ಹೇಳಿದೆ. ಅವರು ತಲೆಯಾಡಿಸಿದರು, ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ.

ಈ ಬರಹವನ್ನು ಕಳುಹಿಸುವ ಮೊದಲು ಹೆಂಡತಿಗೆ ಓದಲು ಕೊಟ್ಟೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿ ಒಂದು ಕಡೆ ಮಾತ್ರ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದಾಳೆ. "ಹೊರಗೆ ಬೆಂಚಿನಲ್ಲಿ ಕಾದೆ" ಎಂಬ ಮಾತಿನ ಪಕ್ಕದಲ್ಲಿ ಅವಳು ಬರೆದದ್ದು ಹೀಗಿದೆ: "ಕಾಯಲಿಲ್ಲ. ಸಹಿ ಹಾಕಿ ಹಂಪನಕಟ್ಟೆಗೆ ಯಾರೋ ಕಕ್ಷಿದಾರರನ್ನು ನೋಡಲು ಹೋಗಿದ್ದಿರಿ. ಮದ್ದಿನ ಚೀಟಿ ಹಿಡಿದುಕೊಂಡು ಕೆಳಗಿನ ಮೆಡಿಕಲಿಗೆ ನಾನೇ ಇಳಿದೆ." ನನಗೆ ಅದು ನೆನಪಿರಲಿಲ್ಲ. ಮೇಲಿನ ವಾಕ್ಯವನ್ನು ತಿದ್ದದೆ, ಅವಳ ತಿದ್ದುಪಡಿಯನ್ನು ಇಲ್ಲಿ ಸೇರಿಸಿದ್ದೇನೆ.